ಸಾಹೇಬರಿಗೆ ಬಾಗಿಲು ಸದಾ ತೆರೆದಿದೆ: ಫೈರ್‌ವಾಲ್ ರಾಯರ ಸಂದರ್ಶನ

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಯೊಂದರ ಸರ್ವರ್ ಕೋಣೆ. ಹೊರಗೆ ಸುಡುಬಿಸಿಲು, ಒಳಗೆ ಸ್ವೆಟರ್ ಬೇಕೆನಿಸುವ ಚಳಿ. ಫೈರ್‌ವಾಲ್ ರಾಯರ ಹಣೆಯಲ್ಲಿ ಕಳೆದ ಆಯುಧಪೂಜೆಯ ಕುಂಕುಮ ಇನ್ನೂ ಇದೆ. ಒಣಗಿದ ಸೇವಂತಿಗೆ ಎಸಳೊಂದು ಫ್ಯಾನಿನ ಜಾಲರಿಗೆ ಸಿಕ್ಕಿ ಪಟಪಟ ಅನ್ನುತ್ತಿದೆ.

ಪೂಜೆ ಜೋರಾಗೇ ಆದ ಹಾಗಿದೆ, ರಾಯರೇ?

ಆಯಿತು. ಆದರೆ ಪೂಜಾವಿಧಾನ ಹುಡುಕಿದ ಹುಡುಗನಿಗೆ ನಾನೇ ಅಡ್ಡ ನಿಂತೆ. ನನ್ನ ಪಟ್ಟಿಯಲ್ಲಿ ಆಯುಧ ನಿಷಿದ್ಧ. ಪಾಪ, ಮೊಬೈಲ್ ಡೇಟಾ ಹಾಕಿಕೊಂಡು ಮಂತ್ರ ಹೇಳಿದ.

ಹೊಸ ಇಂಟರ್ನೆಟ್ ಪಾಲಿಸಿ ಬಂದಿದೆಯಂತೆ?

ಬೇರೆ ಯಾವುದೋ ಕಂಪನಿಯದನ್ನು ಎತ್ತಿ ಹೆಸರು ಬದಲಿಸಿದ್ದಾರೆ. ಒಂಬತ್ತನೇ ಪುಟದಲ್ಲಿ ಹಳೇ ಹೆಸರು ಹಾಗೇ ಉಳಿದಿದೆ. ಎಲ್ಲರೂ ಸಹಿ ಹಾಕಿದ್ದಾರೆ. ಯಾರೂ ಓದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಆಫೀಸಿನಲ್ಲಿ ಕೂತು ಆನ್‌ಲೈನ್ ವ್ಯಾಪಾರ ಮಾಡಿದರೆ?

ಘೋರ ಅಪರಾಧ! ಅಕೌಂಟ್ಸ್ ಮೇಡಂ ಊಟದ ಬಿಡುವಿನಲ್ಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಇಳಕಲ್ ಸೀರೆಯ ಫೋಟೊ ಹಾಕಿದರು. ವಾಟ್ಸ್‌ಆ್ಯಪ್ ಮಾತಿಗೆ ಬೀಗ ಇರುತ್ತದೆ, ನನಗೇನೂ ಕಾಣಲಿಲ್ಲ. ಹಿಂದಿನ ಟೇಬಲ್ಲಿನವರು ಇಣುಕಿ ನೋಡಿ ಹೇಳಿದರು. ಮೆಮೊ ಹೋಯಿತು. ಮೆಮೊ ಕೊಟ್ಟ ಎಚ್.ಆರ್. ಮ್ಯಾನೇಜರ್ ಮಾರನೇ ದಿನ ಅದೇ ಸೀರೆಯನ್ನು ಕಂತಿನಲ್ಲಿ ಕೊಂಡರು.

ಎಂ.ಡಿ. ಸಾಹೇಬರಿಗೂ ಇದೇ ನಿಯಮವೇ?

(ಹಸಿರು ದೀಪ ಒಮ್ಮೆ ತಡವರಿಸಿತು.) ಅವರದು ವಿನಾಯಿತಿ ಪಟ್ಟಿ. ಷೇರುಪೇಟೆ ಬೆಳಗ್ಗೆ 9.15ಕ್ಕೆ ತೆರೆದು 3.30ಕ್ಕೆ ಮುಚ್ಚುತ್ತದೆ. ಸಾಹೇಬರ ಆಫೀಸ್ ವೇಳೆಯೂ ಹೆಚ್ಚುಕಮ್ಮಿ ಅದೇ. ಅದು ವ್ಯಾಪಾರವಲ್ಲವಂತೆ, ಹೂಡಿಕೆಯಂತೆ.

ಮತ್ತೆ ಕಳೆದ ತಿಂಗಳು ವೈರಸ್ ನುಗ್ಗಿದ್ದು ಎಲ್ಲಿಂದ?

ಆ ಪಟ್ಟಿಯಿಂದಲೇ. 'ನಿಮ್ಮ ಡಿಮ್ಯಾಟ್ ಖಾತೆ ಸ್ಥಗಿತಗೊಂಡಿದೆ' ಎಂಬ ಮೇಲ್ ಬಂತು, ಸಾಹೇಬರು ಒತ್ತಿದರು. ಅವರನ್ನು ತಡೆಯುವ ಅಧಿಕಾರ ನನಗೆಲ್ಲಿದೆ? ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್ 180 ದಿನ ಇಟ್ಟಿರಬೇಕು ಎಂದು 2022ರ ಆದೇಶವಿದೆ. ಒತ್ತಿದ್ದು ಯಾರೆಂದು ಹೇಗೆ ಬರೆಯುವುದು ಅನ್ನುವ ಮೀಟಿಂಗೇ ಏಳು ಗಂಟೆ ನಡೆಯಿತು. ಕೊನೆಗೆ 'ಒಬ್ಬ ಬಳಕೆದಾರ' ಎಂದು ಬರೆದರು.

ನೌಕರರ ಖಾಸಗಿತನದ ಗತಿ?

ಅದು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುತಿಂಗಳೇ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಆಫೀಸ್ ಚಾಟ್‌ನಲ್ಲಿ ಮನೆ ವಿಚಾರ ಮಾತಾಡಿ ಕೆಲಸ ಕಳೆದುಕೊಂಡ ರೊಮೇನಿಯಾದ ಬರ್ಬುಲೆಸ್ಕು ಪರ ನಿಂತಿತು. ಕಣ್ಣಿಡುತ್ತೇವೆ ಎಂದು ಅವನಿಗೆ ಮುಂಚೆ ತಿಳಿಸಿದ್ದರೇ ಅನ್ನುವುದನ್ನೇ ಅಲ್ಲಿನ ಕೋರ್ಟುಗಳು ಸರಿಯಾಗಿ ನೋಡಿರಲಿಲ್ಲ. ನಮ್ಮ 2023ರ ದತ್ತಾಂಶ ಕಾಯ್ದೆಯೋ, ಸಂಸ್ಥೆಗೆ ನಷ್ಟವಾಗದಂತೆ ನೋಡಿಕೊಳ್ಳಲು ನೌಕರರ ಮಾಹಿತಿಯನ್ನು ಒಪ್ಪಿಗೆ ಕೇಳದೆಯೂ ಬಳಸಲು ದಾರಿ ಬಿಟ್ಟಿದೆ. ಒಪ್ಪಿಗೆ ಬೇಡದಿದ್ದರೆ ಬೇಡ ಸ್ವಾಮಿ, ಒಂದು ಮಾತು ಹೇಳುವುದಕ್ಕೇನು ಧಾಡಿ?

ಹಾಗಾದರೆ ಪಾಲಿಸಿ ಹೇಗಿರಬೇಕು?

ಒಂದೇ ಪುಟ, ಕನ್ನಡದಲ್ಲೂ. ಏನು ನೋಡುತ್ತೇವೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ, ಯಾರು ಓದುತ್ತಾರೆ. ಕಾಫಿ ಮೆಷಿನ್ ಪಕ್ಕ ಅಂಟಿಸಲಿ. ನಿಮ್ಮ ಓದುಗರಿಗೂ ಹೇಳಿಬಿಡಿ: ಮುಂದಿನ ಸಲ ಸಹಿ ಕೇಳಿಕೊಂಡು ಬಂದರೆ, ಮೊದಲು ಆ ವಿನಾಯಿತಿ ಪಟ್ಟಿ ತೋರಿಸಿ ಅನ್ನಿ.