ಸೋಮ್ಯಾನ ಕುಲಗೋತ್ರ

ಧಾರವಾಡದ ನಮ್ಮ ಓಣಿಯ ಜನ ಬಹಳ ಸಂಭಾವಿತರು. ಹೊಸದಾಗಿ ಬಂದವರ ಜಾತಿಯನ್ನು ನೇರವಾಗಿ ಕೇಳುವುದಿಲ್ಲ. ‘ಅಡ್ಡಹೆಸರು ಏನ್ರೀ?’ ಎಂದು ಶುರುಮಾಡಿ, ‘ಮನೆದೇವರು ಯಾವುದ್ರೀ?’ ಎಂದು ಮುಂದುವರಿದು, ಚಹಾ ಆರುವುದರೊಳಗೆ ಬೇಕಾದದ್ದನ್ನು ತಿಳಿದುಕೊಂಡು ಎದ್ದುಹೋಗುತ್ತಾರೆ. ನಾಯಿಯ ವಿಷಯದಲ್ಲಿ ಮಾತ್ರ ಈ ಸಂಕೋಚವಿಲ್ಲ. ಸೋಮ್ಯಾ ಮನೆಗೆ ಬಂದ ಸಂಜೆಯೇ ಗೇಟಿನಾಚೆ ನಿಂತು ‘ಯಾವ ಜಾತೀದ್ರೀ ಇದು?’ ಎಂದವರೇ ಎಲ್ಲ.

ನನಗಾದರೂ ಏನು ಗೊತ್ತು? ಹಳೆಯ ಯಜಮಾನರು ಬೆಂಗಳೂರಿನ ಫ್ಲ್ಯಾಟಿಗೆ ಹೊರಟವರು, ‘ಭಾಳ ಸಾಧು ಪ್ರಾಣಿ’ ಎಂದಷ್ಟೇ ಹೇಳಿ, ಹಗ್ಗವನ್ನು ನನ್ನ ಕೈಗಿತ್ತು, ಲಗುಬಗೆಯಿಂದ ಕಾರು ಹತ್ತಿದ್ದರು. ಆ ಲಗುಬಗೆಯ ಅರ್ಥ ರಾತ್ರಿ ತಿಳಿಯಿತು. ಪಶುವೈದ್ಯರು ಅವನ ನೀಳ ಕಾಲು, ಒಳಸೆಳೆದ ಹೊಟ್ಟೆ ನೋಡಿ ‘ಮುಧೋಳ ರಕ್ತ ಐತಿ’ ಎಂದರು. ಅಗಲ ತಲೆ, ಜೋಲು ಕಿವಿ ನೋಡಿ ‘ಲ್ಯಾಬ್ರಡಾರೂ ಕೂಡೇತಿ’ ಎಂದರು. ಸುರುಳಿ ಬಾಲ ನೋಡಿ ಸುಮ್ಮನಾದರು.

ಮುಧೋಳವೆಂದರೆ ಸಾಮಾನ್ಯವೇ? ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ಬೇಟೆನಾಯಿ. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ. ಸೈನ್ಯಕ್ಕೂ ಸೇರಿದೆ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ. ನಮ್ಮ ವಂಶದಲ್ಲಿ ಅಂಚೆಚೀಟಿಯ ನಂಟು ಇದ್ದದ್ದು ಅದನ್ನು ನೆಕ್ಕಿ ಅಂಟಿಸುತ್ತಿದ್ದ ಅಜ್ಜನಿಗೆ ಮಾತ್ರ. ಆದರೆ ಈ ತಳಿ ಬೇಟೆಯನ್ನು ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಕಂಡು ಅಟ್ಟುವಂಥದ್ದು. ದೂರದಲ್ಲಿ ಏನಾದರೂ ಮಿಸುಕಿದರೆ ಮುಗಿಯಿತು. ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಳ್ಳಕ್ಕಿಯೊಂದು ರೆಕ್ಕೆ ಬಿಚ್ಚಿತು. ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೋಡಿದ್ದೀರಲ್ಲ, ಅಲ್ಲಿ ತೇರು ನಾನು. ಬೆಳ್ಳಕ್ಕಿ ಕ್ಷೇಮವಾಗಿ ಹಾರಿತು; ಕೆರೆಗೆ ಹಾರವಾದದ್ದು ನನ್ನ ಎಡಗಾಲಿನ ಚಪ್ಪಲಿ.

ಓಟ ಮುಧೋಳದ್ದಾದರೆ ಹಸಿವು ಲ್ಯಾಬ್ರಡಾರಿನದು. ಬೀಗರಿಗೆಂದು ತಂದಿಟ್ಟ ಫೇಡೆಯಲ್ಲಿ ಬೀಗರ ಪಾಲಿಗೆ ಡಬ್ಬಿ ಉಳಿಯಿತು. ವೈದ್ಯರು ಬೈದದ್ದು ನನ್ನನ್ನು. ಸಕ್ಕರೆ ನಾಯಿಗೆ ಆಗದು, ಅಡುಗೆಮನೆಗೆ ಚಿಲಕ ಹಾಕಿ ಎಂದರು. ಜೊತೆಗೆ, ‘ದಿನಾ ದಣಿಸ್ರೀ, ದಣಿದ ನಾಯಿ ಸೋಫಾ ಕಡಿಯೂದಿಲ್ಲ’ ಎಂಬ ಉಪದೇಶ. ಹಾಗಾಗಿ ನಸುಕಿನಲ್ಲೇ ಹೊರಡುತ್ತೇವೆ. ಮನೆಗೆ ಮರಳುವಾಗ ಸೋಫಾ ಕಡಿಯುವ ತ್ರಾಣ ನನಗಂತೂ ಉಳಿದಿರುವುದಿಲ್ಲ. ಅವನ ಮಾತು ಬೇರೆ.

ಮೊನ್ನೆ ಎದುರುಮನೆಯ ಅಜ್ಜಿಯ ಚೆಂಡುಹೂವಿನ ಕುಂಡಗಳನ್ನೆಲ್ಲ ಅಗೆದು ಬಂದ. ಜಗಳಕ್ಕೆ ಸನ್ನದ್ಧನಾಗಿಯೇ ಬಾಗಿಲು ತೆರೆದೆ. ಅಜ್ಜಿಯ ಕೈಯಲ್ಲಿ ಕೋಲಿರಲಿಲ್ಲ, ಜೋಳದ ರೊಟ್ಟಿಯಿತ್ತು. ಅವರ ಮನೆದೇವರು ಮೈಲಾರಲಿಂಗನಂತೆ. ಆ ದೇವರ ಗೊರವಪ್ಪಗಳು ಜಾತ್ರೆಯಲ್ಲಿ ನಾಯಿಯ ಹಾಗೆ ಬೊಗಳುತ್ತಾರೆ. ಅಂಥ ಮನೆತನದವರು ನಾಯಿಗೆ ಕೈಯೆತ್ತುವುದುಂಟೇ? ಸೋಮ್ಯಾ ರೊಟ್ಟಿ ಮುಗಿಸಿ, ಅವರ ಸೆರಗನ್ನೂ ಒಮ್ಮೆ ರುಚಿ ನೋಡಿದ. ಅಜ್ಜಿ ಅವನ ತಲೆ ಸವರಿ, ನನ್ನ ಕಡೆ ತಿರುಗಿ ಹೇಳಿದರು: ‘ಕುಂಡಕ್ಕ ಮಣ್ಣು ಮಾತ್ರ ನೀವs ತುಂಬಬೇಕು ನೋಡ್ರಿ. ನಿಮಗ ಯಾವ ದೇವರ ರಿಯಾಯ್ತೀನೂ ಇಲ್ಲ.’