ಪಾರ್ಕಿನ ಗರಿಕೆಗೆ ಉತ್ಸವ ಸಮಿತಿಯ ಬಹಿರಂಗ ಪತ್ರ

ಗೆ,
ಗರಿಕೆಯವರು,
ಬಡಾವಣೆಯ ಸಾರ್ವಜನಿಕ ಉದ್ಯಾನ,
(ಜಾರುಬಂಡೆಯ ಎಡಬದಿ, ಸದ್ಯ ಕಾಣಿಸುತ್ತಿಲ್ಲ)
ಬೆಂಗಳೂರು.

ಮಾನ್ಯರೇ,

ವಿಷಯ: ಐದು ದಿನಗಳ ಗಣೇಶೋತ್ಸವದಿಂದ ತಮ್ಮ ಮೇಲಾದ ಪರಿಣಾಮಗಳ ಸಮರ್ಪಕ ನಿರ್ವಹಣೆ ಕುರಿತು.
ಉಲ್ಲೇಖ: ತಾವು ಹಳದಿಯಾಗಿರುವುದು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಬಡಾವಣೆಯ ಈ ವರ್ಷದ ಉತ್ಸವ ಅಭೂತಪೂರ್ವ ಯಶಸ್ಸು ಕಂಡಿದೆ. ಅಭೂತಪೂರ್ವ ಯಶಸ್ಸಿಗೆ ಕೃತಜ್ಞತೆ ಸಲ್ಲಿಸುವ ಫ್ಲೆಕ್ಸನ್ನು ಚೌತಿಯ ಹಿಂದಿನ ದಿನವೇ ಕಟ್ಟಿಸಿದ್ದೆವಾದ್ದರಿಂದ ಈ ಬಗ್ಗೆ ಅನುಮಾನಕ್ಕೆ ಆಸ್ಪದವಿಲ್ಲ. ಅಧ್ಯಕ್ಷರು, ಗೌರವಾಧ್ಯಕ್ಷರು, ಮಾಜಿ ಅಧ್ಯಕ್ಷರು, ಮುಂದೆ ಅಧ್ಯಕ್ಷರಾಗಲಿರುವವರು ಎಲ್ಲರೂ ಅದರಲ್ಲಿ ಕೈಮುಗಿದು ನಿಂತಿರುವುದನ್ನೂ, ಅವರ ಮಧ್ಯೆ ಪಾಸ್‌ಪೋರ್ಟ್ ಅಳತೆಯಲ್ಲಿ ಗಣಪತಿ ಇರುವುದನ್ನೂ ತಾವು ನೋಡಿರಬೇಕು. ಅಥವಾ ನೋಡಿರಲಿಕ್ಕಿಲ್ಲ. ಅದರ ಕಂಬ ನೆಟ್ಟದ್ದು ತಮ್ಮ ಮೇಲೆಯೇ.

ತಾವು ಅಲ್ಲಲ್ಲಿ ಹಳದಿಯಾಗಿದ್ದೀರಿ, ಅಲ್ಲಲ್ಲಿ ಇಲ್ಲವೇ ಇಲ್ಲ ಎಂದು ಬೆಳಗಿನ ವಾಕಿಂಗ್ ಬಳಗದವರು ದೂರು ಕೊಟ್ಟಿದ್ದಾರೆ. ದೂರನ್ನು ಗಂಭೀರವಾಗಿ ಪರಿಗಣಿಸಿ ಅವರಿಗೆಲ್ಲ ಕಾಫಿ ಕೊಡಿಸಲಾಗಿದೆ. ಆದರೂ ತಮಗೆ ನೇರವಾಗಿ ನಾಲ್ಕು ಮಾತು ಬರೆಯುವುದು ಉಚಿತವೆನಿಸಿತು. ತಾವೇನು ಹಾದಿಬೀದಿಯ ಹುಲ್ಲಲ್ಲ. ಅನಲಾಸುರನನ್ನು ನುಂಗಿ ಗಣಪತಿಯ ಮೈಯೆಲ್ಲ ಉರಿಯತೊಡಗಿದಾಗ ತಣ್ಣಗೆ ಮಾಡಿದವರು ತಾವು. ಚಿನ್ನದ ಕಿರೀಟವಿಲ್ಲದಿದ್ದರೂ ಆತ ಸುಧಾರಿಸಿಕೊಂಡಾನು, 21 ಗರಿಕೆ ಇಲ್ಲದಿದ್ದರೆ ಮುಖ ಸಿಂಡರಿಸುತ್ತಾನೆ. ಈ ಸಲ ಪೂಜೆಗೆ ಬೇಕಾದ ಗರಿಕೆಯನ್ನು ಕೆ.ಆರ್. ಮಾರುಕಟ್ಟೆಯಿಂದ ಕಟ್ಟುಗಟ್ಟಲೆ ಕೊಂಡು ತಂದೆವು. ಹತ್ತಡಿ ದೂರದಲ್ಲಿ ನಾನಿದ್ದೆನಲ್ಲ ಎಂದು ತಾವು ಕೇಳಬಹುದು. ಇದ್ದಿರಿ, ಆದರೆ ಆ ಹೊತ್ತಿಗೆ ತಮ್ಮ ಮೇಲೆ ಜನರೇಟರ್ ಇತ್ತು. ಪತ್ರಪೂಜೆಯ ಎಕ್ಕದೆಲೆ, ಉತ್ತರಾಣಿಗಳದ್ದೂ ಇದೇ ಕಥೆ. ಕಾಂಪೌಂಡಿನ ಮೂಲೆಯಲ್ಲಿ ಅವು ತಮ್ಮಷ್ಟಕ್ಕೆ ಬೆಳೆದಿದ್ದವಂತೆ. ಅಲಂಕಾರಕ್ಕೆ ಅಡ್ಡವಾಗುತ್ತವೆ ಎಂದು ಹಿಂದಿನ ವಾರವೇ ಸವರಿಸಿ, ಆಮೇಲೆ ಅವನ್ನೂ ಮಾರುಕಟ್ಟೆಯಿಂದಲೇ ತರಿಸಿದೆವು. ಭಕ್ತಿಗೆ ಖರ್ಚು ನೋಡಬಾರದು.

ಇನ್ನು ಲಾರಿಯ ವಿಷಯ. ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕ ಗೇಟಿನ ಪಕ್ಕದಲ್ಲೇ ಇರುವಾಗ ಹೀಗೇಕೆ ಮಾಡಿದಿರಿ ಎಂಬ ಆಕ್ಷೇಪ ಬಂದಿದೆ. ಶಾಮಿಯಾನದವರನ್ನು ವಿಚಾರಿಸಿದೆವು. ಅವರ್ಯಾರೂ ಹುಲ್ಲಿನ ಮೇಲೆ ನಡೆದಿಲ್ಲ, ಲಾರಿಯಲ್ಲೇ ಬಂದದ್ದು. ಭಾದ್ರಪದ ಮಳೆಗಾಲದಲ್ಲಿ ಬೀಳುವುದೂ ನಮ್ಮ ಕೈಯಲ್ಲಿಲ್ಲ. ಬೆಂಗಳೂರಿಗೆ ಜೋರು ಮಳೆ ಬರುವ ತಿಂಗಳುಗಳಲ್ಲಿ ಸೆಪ್ಟೆಂಬರ್ ಒಂದು ಎನ್ನುವುದನ್ನು ಹವಾಮಾನದವರಿಗೆ ಹೇಳಿ, ಹಬ್ಬ ಯಾವಾಗ ಎನ್ನುವುದನ್ನು ಪಂಚಾಂಗದವರನ್ನು ಕೇಳಿ. ನೆನೆದ ಕೆಮ್ಮಣ್ಣಿನಲ್ಲಿ ಚಕ್ರ ಹೂತುಹೋಯಿತು. ಡ್ರೈವರು ಹಿಂದೆ ಮುಂದೆ ಮಾಡಿ, ಚಕ್ರದಡಿಗೆ ಸಿಮೆಂಟಿನ ಬೆಂಚಿನ ಹಲಗೆ ಕೊಟ್ಟು, ಅದು ಮುರಿದು, ಕೊನೆಗೆ ಹೊಂಗೆ ಮರಕ್ಕೆ ಹಗ್ಗ ಕಟ್ಟಿ ಎಳೆಸಿದ. ಚಕ್ರ ಕೊರೆದ ಮೊಣಕಾಲಾಳದ ಎರಡು ಗುಂಡಿಗಳಲ್ಲಿ ಈಗ ನೀರು ನಿಂತಿದೆ. ಮಕ್ಕಳು ಕಾಗದದ ದೋಣಿ ಬಿಡುತ್ತಿದ್ದಾರೆ. ಪಾರ್ಕಿಗೆ ಕೆರೆ ಬೇಕೆಂದು ನಿವಾಸಿಗಳ ಬಹುದಿನಗಳ ಬೇಡಿಕೆಯಿತ್ತು.

ನಮ್ಮ ಬೀದಿಯಲ್ಲಿ ಮಣ್ಣಿನ ವಿಷಯ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಉತ್ಸವಕ್ಕೆ ಮೊದಲಿನ ಸಭೆಗೆ ಅವರನ್ನು ಕರೆದದ್ದು ಚಂದಾ ಕೇಳಲಿಕ್ಕೆ. ಅವರು ಚಂದಾ ಕೊಟ್ಟು ಸುಮ್ಮನಾಗಲಿಲ್ಲ. ಒಳ್ಳೆಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಮಣ್ಣೇ ಅಲ್ಲವಂತೆ, ಗಾಳಿಯೂ ನೀರೂ ಓಡಾಡುವ ಸಂದುಗಳಂತೆ. ಒದ್ದೆಯಾಗಿರುವಾಗ ಭಾರ ಬಿದ್ದರೆ ಆ ಸಂದು ಮುಚ್ಚಿ, ಬೇರಿಗೆ ಉಸಿರಿಲ್ಲ, ಮಳೆನೀರಿಗೆ ದಾರಿಯಿಲ್ಲ. ಅದರಲ್ಲೂ ಹೆಚ್ಚಿನ ಪೆಟ್ಟು ಬೀಳುವುದು ಚಕ್ರ ಮೊದಮೊದಲು ಉರುಳಿದಾಗಲೇ ಅಂದರು. ಇದನ್ನು ಕೇಳಿ ಸಮಿತಿಗೆ ಬಹಳ ಸಮಾಧಾನವಾಯಿತು. ಹಾಗಿದ್ದರೆ ಮೂರನೇ ಟ್ರಿಪ್ಪಿನಿಂದಾಚೆಗೆ ನಾವು ನಿರಪರಾಧಿಗಳು. ಆದ್ದರಿಂದ ಕುರ್ಚಿ, ಸೌಂಡ್ ಸಿಸ್ಟಂ, ಸೌದೆ, ಸಿಲಿಂಡರ್ ಎಲ್ಲವನ್ನೂ ಬೇರೆ ಬೇರೆ ಗಾಡಿಗಳಲ್ಲೇ ಒಳಗೆ ತರಿಸಿದೆವು.

ಮೇಷ್ಟ್ರು ಅಷ್ಟಕ್ಕೇ ಬಿಡದೆ ಸಲಹೆಗಳ ಪಟ್ಟಿಯನ್ನೇ ತಂದಿದ್ದರು. ಭಾರದ ಸಾಮಾನೆಲ್ಲ ಬ್ಯಾಡ್ಮಿಂಟನ್ ಕೋರ್ಟಿನ ಕಾಂಕ್ರೀಟಿನ ಮೇಲಿರಲಿ, ಅಲ್ಲಿಗೆ ಹೋಗುವ ದಾರಿಗೆ ದಪ್ಪ ಪ್ಲೈವುಡ್ ಹಾಸಿ, ಮರಗಳ ಸುತ್ತ ಕೊಂಬೆ ಚಾಚಿದಷ್ಟು ದೂರಕ್ಕೆ ಹಗ್ಗ ಕಟ್ಟಿ, ಏಕೆಂದರೆ ಮರಕ್ಕೆ ಉಣಿಸುವ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿಯಲ್ಲೇ ಹರಡಿರುತ್ತವೆ ಎಂದರು. ಪಾರ್ಕಿನ ಮಾಲಿ ಬಾಗಿಲ ಬಳಿ ನಿಂತವರು, ಯಾರೂ ಕೇಳದಿದ್ದರೂ, “ಸಾರ್, ಗಾಡಿ ಗೇಟಾಚೆ ನಿಂತ್ಕೊಳ್ಲಿ, ಉಡುಗ್ರು ತಲೆ ಮೇಲೆ ಹೊತ್ಕಂಡ್ ಬತ್ತಾರೆ, ನಮ್ಮೂರ್ ಜಾತ್ರೇಲಿ ಅಂಗೇ” ಎಂದರು. ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ದಾಖಲಿಸಲಾಗಿದೆ. ಕೋರ್ಟು ಕೊಡಲು ಸಾಧ್ಯವಾಗಲಿಲ್ಲ. ಅಲ್ಲಿ ವಿಐಪಿ ಸೋಫಾಗಳಿದ್ದವು. ಸೋಫಾದ ಕಾಲು ಮಣ್ಣಾಗುತ್ತದೆ.

ಪಾರ್ಕೇ ಬೇಡ, ರಸ್ತೆಯಲ್ಲಿ ಮಾಡಿ ಎಂಬ ಇನ್ನೊಂದು ವಾದವೂ ಬಂತು. ಬಸವನಗುಡಿಯಲ್ಲಿ ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆ ಬುಲ್ ಟೆಂಪಲ್ ರಸ್ತೆಯ ಮೇಲೇ ನಡೆಯುವುದಿಲ್ಲವೇ, ಟಾರಿಗೆ ಬೇರಿಲ್ಲ, ಗುಡಿಸಿ ತೊಳೆದರೆ ಮರುದಿನ ಮೊದಲಿನಂತೆ ಎಂದು ಅದೇ ಮೇಷ್ಟ್ರು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ನಮ್ಮ ರಸ್ತೆಯಲ್ಲಿ ಎರಡೂ ಬದಿ ಕಾರು ನಿಲ್ಲುತ್ತವೆ. ಐದು ದಿನ ಕಾರನ್ನು ಮುಂದಿನ ಕ್ರಾಸಿನಲ್ಲಿ ನಿಲ್ಲಿಸಿ ಮನೆಗೆ ನಡೆದು ಬರಬೇಕೆಂದರೆ ಕುಟುಂಬಗಳಲ್ಲಿ ಎಂಥ ಅಶಾಂತಿ ಉಂಟಾಗುತ್ತದೆ ಎಂಬುದು ತಮಗೆ ತಿಳಿಯದು, ತಮಗೆ ಕಾರಿಲ್ಲ. ಕಾರಿರುವವರೇ ಚಂದಾ ಕೊಡುವವರು. ಈ ಬಗ್ಗೆ ಮತಕ್ಕೆ ಹಾಕಿದಾಗ ಸಭೆ ಒಮ್ಮತದಿಂದ ತಮ್ಮನ್ನು ಆರಿಸಿತು.

ಲಾಲ್‌ಬಾಗಿನಲ್ಲಿ ವರ್ಷಕ್ಕೆರಡು ಸಲ ಫಲಪುಷ್ಪ ಪ್ರದರ್ಶನ ನಡೆದು ಲಕ್ಷಾಂತರ ಜನ ಬರುವುದಿಲ್ಲವೇ ಎಂದು ನಾವೇ ಕೇಳಿದೆವು. ಅದು 240 ಎಕರೆ, ಹೂವೆಲ್ಲ ಇರುವುದು 1889ರ ಗಾಜಿನಮನೆಯೊಳಗೆ, ಜನ ಓಡಾಡುವುದು ಹಾದಿಯ ಮೇಲೆ, ನಮ್ಮದು ಅರ್ಧ ಎಕರೆ ಎಂಬ ಉತ್ತರ ಬಂತು. ಬಡವರ ಪಾರ್ಕಿಗೂ ದೊಡ್ಡವರ ಪಾರ್ಕಿಗೂ ಹೀಗೆ ತಾರತಮ್ಯ ಮಾಡುವುದು ಖಂಡನೀಯ.

ಕಾನೂನಿನ ಮಾತು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕಾಪಾಡಲಿಕ್ಕೆಂದೇ ರಾಜ್ಯದಲ್ಲಿ 1985ರ ಒಂದು ಕಾಯ್ದೆ ಇದೆಯಂತೆ. ಅದಲ್ಲದೆ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿಯವರಿಗೆ ಕೊಟ್ಟದ್ದು ತಪ್ಪೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದೆ. ಕೇಸು ಹಾಕಿದ್ದು ಆ ಬಡಾವಣೆಯ ನಿವಾಸಿಗಳೇ. ತೀರ್ಪನ್ನು ಸಮಿತಿ ಶಿರಸಾವಹಿಸಿ ಪಾಲಿಸಿದೆ. ನಾವು ತಮ್ಮನ್ನು ಯಾರಿಗೂ ಕೊಟ್ಟಿಲ್ಲ, ನಾವೇ ಇಟ್ಟುಕೊಂಡಿದ್ದೇವೆ. ಶಬ್ದದ ಬಗ್ಗೆ: ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು, ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಎಂದು 2000ದ ನಿಯಮ. ರಸಮಂಜರಿಯವರು 9.50ಕ್ಕೆ ಕಡೇ ಹಾಡು ಎಂದು ಘೋಷಿಸಿದರು. ಆ ಹಾಡು ಮುಗಿದದ್ದು 11.30ಕ್ಕೆ. ಒಂದೇ ಹಾಡು.

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಮೂರು ಕೆಲಸದ ದಿನ ಮುಂಚೆ ಪಾಲಿಕೆಗೆ ತಿಳಿಸಿ, ಕಸವನ್ನು ಅಲ್ಲೇ ವಿಂಗಡಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮದಲ್ಲಿತ್ತು. ನಾವು ವಿಂಗಡಿಸಿದ್ದೇವೆ. ಪುಳಿಯೋಗರೆ ಅಂಟಿದ ತಟ್ಟೆಗಳು ಜಾರುಬಂಡೆಯ ಕೆಳಗೆ, ಮೊಸರನ್ನ ಅಂಟಿದವು ಮೇಲೆ.

ಅನ್ನಸಂತರ್ಪಣೆಯ ದಿನದ ಬಗ್ಗೆ ಒಂದು ಸ್ಪಷ್ಟನೆ ಕೊಡಲೇಬೇಕು. ಮೂರು ಕೊಪ್ಪರಿಗೆಗಳ ಒಲೆ ಹೂಡಿದ್ದು ತಮ್ಮ ಮೇಲೆಯೇ ನಿಜ. ಆ ಮೂರು ಕಪ್ಪು ವೃತ್ತಗಳು ಈಗಲೂ ಇವೆ. ಒಳಗೆ ಒಂದೇ ಒಂದು ಎಳೆ ಇಲ್ಲ, ಮಣ್ಣು ಸುಟ್ಟು ಮಡಕೆಚೂರಿನ ಹಾಗೆ ಗಟ್ಟಿಯಾಗಿದೆ. ಅಡುಗೆಭಟ್ಟರು ಕುದಿಯುವ ಗಂಜಿಯನ್ನು ಬಸಿದದ್ದು ಹೊಂಗೆಯ ಬುಡಕ್ಕೆ. ಸಹಾಯಕನೊಬ್ಬ “ಅಣ್ಣಾ, ಮರ ಬೆಂದ್ಹೋಗುತ್ತೆ” ಅಂದನಂತೆ. “ಗಂಜಿ ಪುಷ್ಟಿ ಕಣೋ, ಕುಡೀಲಿ ಬಿಡು” ಎಂದು ಭಟ್ಟರು ಮತ್ತೆರಡು ಕೊಪ್ಪರಿಗೆ ಬಸಿದರು. ಹೊಂಗೆಯ ಆ ಬದಿಯ ಎಲೆಗಳು ಉದುರಿರುವುದು ಗಂಜಿಯಿಂದಲೋ, ಸೀರಿಯಲ್ ಸೆಟ್ಟಿಗೆಂದು ಹೊಡೆದ ಮೊಳೆಗಳಿಂದಲೋ, ಲಾರಿ ಎಳೆದ ಹಗ್ಗದಿಂದಲೋ ಎಂಬುದು ಇನ್ನೂ ತನಿಖೆಯ ಹಂತದಲ್ಲಿದೆ. ಕಾರಣ ಒಂದೇ ಎಂದು ಸಾಬೀತಾಗದ ಹೊರತು ಸಮಿತಿ ಹೊಣೆಯಲ್ಲ.

ಈಗ ಹಣದ ವಿಚಾರ. ಉತ್ಸವಕ್ಕೆ ಮೊದಲೇ ಠೇವಣಿ ಇಡಿಸಿಕೊಳ್ಳಬೇಕು, ಪಾರ್ಕು ಮೊದಲಿನ ಸ್ಥಿತಿಗೆ ಬಂದ ಮೇಲೆ ಹಿಂದಿರುಗಿಸಬೇಕು ಎಂದು ವಾಕಿಂಗ್ ಬಳಗದವರು ಪಾಲಿಕೆಗೆ ಬರೆಯಲು ಹೊರಟಿದ್ದಾರೆ. ಠೇವಣಿ ಎಂದರೆ ನಾವು ಹಾಳುಮಾಡುತ್ತೇವೆಂಬ ಗುಮಾನಿ. ಇದರಿಂದ ಕಾರ್ಯಕರ್ತರ ಮನಸ್ಸಿಗೆ ನೋವಾಗಿದೆ. ಜಮಾ ಖರ್ಚನ್ನು ಯಾರು ಬೇಕಾದರೂ ನೋಡಬಹುದು: ಶಾಮಿಯಾನ, ರಸಮಂಜರಿ, ಫ್ಲೆಕ್ಸು, ಪಟಾಕಿ, ಗಣ್ಯರಿಗೆ ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಮತ್ತೆ ಫ್ಲೆಕ್ಸು. ಪಾರ್ಕಿನ ಬಾಬ್ತು ಏನೂ ಖರ್ಚಿಲ್ಲ, ಅಂದರೆ ಪಾರ್ಕಿನಿಂದ ಸಮಿತಿಗೆ ಒಂದು ಪೈಸೆ ಹೊರೆಯಾಗಿಲ್ಲ. ಇದಕ್ಕಾಗಿ ತಮ್ಮನ್ನು ಅಭಿನಂದಿಸುತ್ತೇವೆ. ಮಾಲಿಯವರು ಎರಡು ಗಾಡಿ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು, ನೆಲ ಚುಚ್ಚಿ ಸಡಿಲ ಮಾಡಲು ಹಾರೆಯಂಥದ್ದೇನಾದರೂ, ಜೊತೆಗೆ ಎರಡು ತಿಂಗಳು ಆ ಭಾಗಕ್ಕೆ ಯಾರೂ ಬರದಂತೆ ಒಂದು ಹಗ್ಗ ಕೇಳಿದ್ದರು. ಆಕೆಗೆ ವೇದಿಕೆಯ ಮೇಲೆ ಶಾಲು ಹೊದಿಸಿ ಸನ್ಮಾನಿಸಲಾಯಿತು. ಫೋಟೊ ತೆಗೆಯುವಾಗ ಅಧ್ಯಕ್ಷರು ಅಡ್ಡ ಬಂದದ್ದರಿಂದ ಶಾಲು ಮಾತ್ರ ಬಂದಿದೆ.

ಗೊಬ್ಬರ ಕೊಡದಿದ್ದುದಕ್ಕೆ ಶಾಸ್ತ್ರೀಯ ಕಾರಣವೂ ಇದೆ. ನರ್ಸರಿಯವರು ಬರ್ಮುಡಾ ಲಾನ್ ಎಂದು ಮಾರುವುದೂ ತಮ್ಮ ಕುಲವನ್ನೇ ಎಂದು ಕೇಳಿದ್ದೇವೆ. ನೆಲದ ಮೇಲೊಂದು ಬಳ್ಳಿ, ನೆಲದೊಳಗೊಂದು ಕಾಂಡ, ಗಿಣ್ಣಿಗೊಂದು ಬೇರು. ಇಷ್ಟು ಜಗಮೊಂಡರು ತಾವಾಗಿರುವಾಗ ನಮ್ಮ ಸಹಾಯ ಏತಕ್ಕೆ? ಮೇಷ್ಟ್ರು ಇದಕ್ಕೂ ಕ್ಯಾತೆ ತೆಗೆದರು. ಕಾಲ್ತುಳಿತವನ್ನು ಗರಿಕೆ ತಡೆದೀತು, ಉಸಿರುಗಟ್ಟಿದ ನೆಲವನ್ನಲ್ಲ, ಬೋಳಾದ ಜಾಗಕ್ಕೆ ಮೊದಲು ನುಗ್ಗುವುದು ಪಾರ್ಥೇನಿಯಂ ಅಂದರು. ಬಂದಿದೆ. ಜಾರುಬಂಡೆಯ ಪಕ್ಕದಲ್ಲಿ ಸೊಂಪಾಗಿ ಬಂದಿದೆ. ದೂರದಿಂದ ನೋಡಿದರೆ ಹಸಿರೇ. ಹತ್ತಿರ ಹೋದವರು ಮೈ ಕೆರೆದುಕೊಳ್ಳುತ್ತಿದ್ದಾರೆ, ಆದ್ದರಿಂದ ಹತ್ತಿರ ಹೋಗಬಾರದೆಂದು ಫಲಕ ಬರೆಸಲು ಹೇಳಿದ್ದೇವೆ.

ಕಡೆಯದಾಗಿ, ತಮ್ಮ ಗಮನಕ್ಕೆ. ನವೆಂಬರ್ ಬರುತ್ತಿದೆ. ರಾಜ್ಯೋತ್ಸವವನ್ನು ನಮ್ಮಲ್ಲಿ ಒಂದನೇ ತಾರೀಖು ಶುರುಮಾಡಿ ತಿಂಗಳ ಕೊನೆಯವರೆಗೂ ಬೇರೆ ಬೇರೆ ಸಂಘಗಳು ಸರದಿಯ ಮೇಲೆ ಆಚರಿಸುವುದು ವಾಡಿಕೆ. ಆಮೇಲೆ ಹನುಮಜ್ಜಯಂತಿ, ಅದಾದ ಮೇಲೆ ಹೊಸ ವರ್ಷ. ವೇದಿಕೆಯ ಜಾಗಕ್ಕೆ ಈಗಾಗಲೇ ಸುಣ್ಣದ ಗೆರೆ ಎಳೆಸಿದ್ದೇವೆ. ಗೆರೆಯ ಒಳಗೆ ಚಿಗುರಿ ಸಮಿತಿಯನ್ನು ಮುಜುಗರಕ್ಕೀಡು ಮಾಡಬಾರದಾಗಿ ವಿನಂತಿ. ಗೆರೆಯ ಹೊರಗೆ ತಾವು ಧಾರಾಳವಾಗಿ ಬೆಳೆಯಬಹುದು. ಅಲ್ಲಿ ಪಾರ್ಕಿಂಗ್.

ಇಂತಿ ತಮ್ಮ ವಿಶ್ವಾಸಿ,
ಪ್ರಧಾನ ಕಾರ್ಯದರ್ಶಿ, ಉತ್ಸವ ಸಮಿತಿ
(ಹೆಸರು ಮತ್ತು ಭಾವಚಿತ್ರಕ್ಕೆ ಫ್ಲೆಕ್ಸ್ ನೋಡುವುದು)

ಪ್ರತಿಗಳು:
1. ಹೊಂಗೆ ಮರಕ್ಕೆ: ಮಾಹಿತಿಗಾಗಿ. ಮೊಳೆಗಳನ್ನು ಕೀಳಿಸುವುದಿಲ್ಲ, ರಾಜ್ಯೋತ್ಸವದ ದೀಪಕ್ಕೆ ಬೇಕು.
2. ಇಲಿಯವರಿಗೆ: ತಮ್ಮ ಬಿಲದ ಮೇಲೆ ಧ್ವನಿವರ್ಧಕ ಇಟ್ಟದ್ದು ತಮ್ಮ ಯಜಮಾನರ ಸೇವೆಗಾಗಿಯೇ.
3. ಮಾಲಿಯವರಿಗೆ: ಶಾಲನ್ನು ಒಗೆದು ಇಸ್ತ್ರಿ ಮಾಡಿಸಿ ಕಚೇರಿಗೆ ತಲುಪಿಸುವುದು. ನವೆಂಬರಿನಲ್ಲಿ ಬೇರೆಯವರಿಗೆ ಹೊದಿಸಬೇಕಾಗಿದೆ.