ಭಾವನ ಬಟ್ಟೆ ಚೀಲ

ನಮ್ಮ ಭಾವ ಹತ್ತು ದಿನದಲ್ಲಿ ಆರು ದೇಶ ನೋಡಿ ಬಂದರು. ನೋಡಿದರು ಅನ್ನುವುದಕ್ಕಿಂತ ಬಸ್ಸಿನ ಕಿಟಕಿಯಿಂದ ಎಣಿಸಿದರು ಅನ್ನುವುದು ಸರಿ. ಮಾರನೆಯ ದಿನವೇ, ಪ್ಲಾಸ್ಟಿಕ್ ಕವರಿನಲ್ಲಿ ಸೊಪ್ಪು ತಂದ ನನ್ನನ್ನು ಹಿಡಿದು ಜಾಡಿಸಿದರು. "ಸ್ವಿಟ್ಜರ್ಲೆಂಡಿನ ಗಾಳಿ ಎಷ್ಟು ಶುದ್ಧ ಗೊತ್ತೇನಯ್ಯಾ? ನೀವೂ ಇದ್ದೀರಿ!" ಅವರ ಕೈಯಲ್ಲಿ ಬಟ್ಟೆ ಚೀಲ. ಅದರ ಮೇಲೆ ಐಫೆಲ್ ಗೋಪುರ.

"ಆ ಗಾಳಿ ಕುಡಿಯೋದಕ್ಕೆ ದಾರಿಯುದ್ದಕ್ಕೂ ಎಷ್ಟು ಹೊಗೆ ಬಿಟ್ಟು ಬಂದಿರಿ ಭಾವ?" ಅಂದೆ. ಅಡುಗೆಮನೆಯಿಂದ ಅಕ್ಕ ಕೆಮ್ಮಿದಳು.

ನನಗೆ ಹೊಗೆಗಿಂತ ಹೊಟ್ಟೆಕಿಚ್ಚಿನ ಲೆಕ್ಕ ದೊಡ್ಡದು. ಸೊಪ್ಪಿಗೆ ಹೋಗಿ ಬರುವ ನನ್ನ ಸ್ಕೂಟರಿನ ಪೆಟ್ರೋಲಿಗೆ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ತೆರಿಗೆ. ದೇಶದಿಂದ ದೇಶಕ್ಕೆ ಹಾರುವ ವಿಮಾನದ ಎಣ್ಣೆಗೆ ಬಹುಮಟ್ಟಿಗೆ ಮಾಫಿ. 1944ರಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳವರು ಶಿಕಾಗೋದಲ್ಲಿ ಕೂತು, ಬಂದಿಳಿದ ವಿಮಾನದ ಟ್ಯಾಂಕಿನಲ್ಲಿರುವ ಎಣ್ಣೆಗೆ ಸುಂಕ ಕೇಳಬಾರದು ಅಂತ ಬರೆದುಕೊಂಡರು. ಆಮೇಲೆ ದೇಶ ದೇಶಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದಗಳಲ್ಲಿ, ಹೊಸದಾಗಿ ತುಂಬಿಸುವ ಎಣ್ಣೆಗೂ ಆ ರಿಯಾಯಿತಿ ಅಂಟಿಕೊಂಡಿತು. ವಿಮಾನಯಾನ ಇನ್ನೂ ಎಳೆಗೂಸು, ಬೆಳೆಯಲಿ ಅಂದುಕೊಂಡಿದ್ದರೇನೋ. ಕೂಸಿಗೆ ಎಂಬತ್ತು ದಾಟಿದೆ, ಇನ್ನೂ ಅರ್ಧ ಟಿಕೆಟ್ಟೇ ಕೇಳುತ್ತಿದೆ.

"ಫ್ರಾನ್ಸಿನವರು ಕಾನೂನು ಮಾಡಿಲ್ಲವೇನಯ್ಯಾ?" ಭಾವ ತಿರುಗಿಬಿದ್ದರು. ಮಾಡಿದ್ದಾರೆ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಮುಟ್ಟುವ ಊರಿಗೆ ವಿಮಾನ ಬೇಡ ಅಂತ 2023ರಲ್ಲಿ ಜಾರಿಗೆ ತಂದರು. ಸಿಕ್ಕಿಬಿದ್ದದ್ದು ಪ್ಯಾರಿಸ್ಸಿನ ಓರ್ಲಿಯಿಂದ ಲಿಯೋನ್, ನಾಂತ್, ಬೋರ್ಡೋಗೆ ಹೋಗುವ ಮೂರೇ ದಾರಿ. ಹೊಳೆಗೆಲ್ಲ ಬಲೆ ಬೀಸಿ ಮೂರು ಮೀನು! ನಮ್ಮಲ್ಲಿಗೆ ಬಂದರೆ ಅಷ್ಟೂ ಇಲ್ಲ. ಬೆಂಗಳೂರಿಂದ ಮಂಗಳೂರಿಗೆ ವಿಮಾನ ಒಂದು ಗಂಟೆ. ರೈಲು ರಾತ್ರಿಯೆಲ್ಲ ಓಡಿ, ಸಕಲೇಶಪುರದ ಘಾಟಿಯಲ್ಲಿ ಬ್ರೇಕು ಹಿಡಿದುಕೊಂಡು ಇಳಿಯಬೇಕು. ಎರಡೂವರೆ ಗಂಟೆಯಲ್ಲಿ ಜಯನಗರದವರು ದೇವನಹಳ್ಳಿ ಮುಟ್ಟಿದರೆ ಅದೇ ಪುಣ್ಯ.

ಸ್ವೀಡನ್ನಿನವರು ವಿಮಾನ ಹತ್ತುವ ನಾಚಿಕೆಗೆ ಒಂದು ಪದವನ್ನೇ ಹುಟ್ಟಿಸಿದರು. 2018ರಲ್ಲಿ ಟಿಕೆಟ್ಟಿನ ಮೇಲೆ ತೆರಿಗೆ ಹಾಕಿ, 2025ರ ಜುಲೈಯಲ್ಲಿ ತೆಗೆದೂಬಿಟ್ಟರು. ಏಳು ವರ್ಷ ನಾಚಿಕೊಂಡದ್ದು ಸಾಕೆನಿಸಿರಬೇಕು. ನಮ್ಮ ಕಡೆ ನಾಚಿಕೆಯೇನಿದ್ದರೂ ಇನ್ನೂ ವಿಮಾನ ಹತ್ತದವರಿಗೆ.

ಬ್ರಿಟನ್ನಿನಲ್ಲಿ ಕೆಲವರು ಹೇಳುತ್ತಿರುವ ಉಪಾಯ ನನಗೆ ಹಿಡಿಸಿತು. ನಮ್ಮ ನೀರಿನ ಬಿಲ್ಲಿನ ಸ್ಲ್ಯಾಬ್ ಥರ: ವರ್ಷದ ಮೊದಲ ಪ್ರಯಾಣಕ್ಕೆ ತೆರಿಗೆ ಇಲ್ಲ, ಆಮೇಲಿನ ಒಂದೊಂದಕ್ಕೂ ಏರುತ್ತ ಹೋಗುತ್ತದೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಜ್ಜಿ ಬಚಾವು, ತಿಂಗಳಿಗೊಮ್ಮೆ ಸೆಲ್ಫಿಗೆ ಹಾರುವವನ ಜೇಬಿಗೆ ಕತ್ತರಿ. ಈಗಿರುವುದು ಉಲ್ಟಾ. ಹೆಚ್ಚು ಹಾರಿದವನಿಗೆ ಮೈಲ್ಸ್ ಅಂತ ಬಹುಮಾನ! ಜಗತ್ತಿನ ನೂರಕ್ಕೆ ಒಬ್ಬರಷ್ಟು ಜನವೇ ಪ್ರಯಾಣಿಕ ವಿಮಾನಗಳ ಹೊಗೆಯಲ್ಲಿ ಅರ್ಧಕ್ಕೆ ಕಾರಣ ಅಂತ 2018ರ ಲೆಕ್ಕ ಹಿಡಿದವರ ಅಂದಾಜು. ಇದನ್ನು ಹೇಳಿದಾಗ ಭಾವ ಮೆಲ್ಲಗೆ ಚೀಲ ಮಡಚಿಟ್ಟರು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಅಕ್ಕ ಕಾಫಿ ತಂದಿಟ್ಟಳು. "ಇವರ ಮೈಲ್ಸ್ ಡಿಸೆಂಬರಿಗೆ ಮುಗಿದುಹೋಗತ್ತಂತೆ ಕಣೋ. ಬಾಲಿಗೆ ಒಂದು ಟಿಕೆಟ್ ಪುಕ್ಕಟೆ ಸಿಗತ್ತೆ. ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?"

ಗಾಡ್ರೇಜ್ ಬೀರುವಿನ ಎಡಗಡೆ ಡ್ರಾಯರಿನಲ್ಲಿ, ಎಲ್‌ಐಸಿ ಬಾಂಡುಗಳ ಕೆಳಗೆ ಇದೆ ಅಂದೆ.